ಗ್ರೇಟಮ್ಮನ ಮೂರು ನಿಮಿಷ

ಹೋದ ಶನಿವಾರ ಇಲ್ಲಿ ಅಮೆರಿಕದ ಫ್ರೀಮಾಂಟಿನ ರೈತರ ಸಂತೆಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಮೂಗಿಗೆ ಹಿಡಿದು ನಿಂತುಬಿಟ್ಟಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ, ಮಗಳು ಬಂದು ತೋಳು ಹಿಡಿದು ಜಗ್ಗಿ, "ಅಮ್ಮಾ, ಇಟ್ಸ್ ಜಸ್ಟ್ ಡಿಲ್," ಅಂದಳು. ಹಾಸನದಲ್ಲಿ ಬೆಳೆದ ನನಗೆ ಸಬ್ಬಸಿಗೆ ಅಂದರೆ ಅಕ್ಕಿರೊಟ್ಟಿ ನೆನಪಾಗಬೇಕು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನನಗೆ ನೆನಪಾಗುವುದು ನಾವು ಮೊದಲಿದ್ದ ಲಿವರ್‌ಮೋರ್ ಊರಿನ ಒಂದು ಅಡುಗೆಮನೆ. ಅಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಬೆಣ್ಣೆ ಹಾಕಿ, ಅದರ ಮೇಲೆ ಹಸಿ ಸಬ್ಬಸಿಗೆಯನ್ನು ಕತ್ತರಿಯಲ್ಲಿ ಕತ್ತರಿಸಿ ಉದುರಿಸುತ್ತಿದ್ದ ಒಬ್ಬ ಮುದುಕಿ. ಆಕೆ ಡೆನ್ಮಾರ್ಕಿನವರು, ನಾಟಕ ಬರೆದವರು, ಕಥೆ ಬರೆದವರು. ಅವರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿಲ್ಲ. ಇಂಗ್ಲಿಷಿನಲ್ಲೂ ಬರೆದ ಹಾಗೆ ಕಾಣೆ. ಹಾಗಾಗಿ ನಾನೇ ಬರೆಯಬೇಕು ಅನ್ನಿಸಿ ಕೂತಿದ್ದೇನೆ.

ಎರಡು ಸಾವಿರದ ಇಸವಿ ಆಗಷ್ಟೇ ಹುಟ್ಟಿತ್ತು. ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಎಂದು ಹೆದರಿಸಿದ್ದ ಜನವರಿ ಒಂದನೇ ತಾರೀಖು ಏನೂ ಆಗದೆ ದಾಟಿಹೋಗಿ, ಜನ ಮತ್ತೆ ಕಂಪನಿ ತೆಗೆಯುವ ಭರಾಟೆಯಲ್ಲಿ ಮುಳುಗಿದ್ದರು. ನನ್ನ ಗಂಡ ರಘು ಇಂಟರ್ನೆಟ್ಟಿನಲ್ಲಿ ಹಾಸಿಗೆ ಮಾರುವ ಕಂಪನಿಯಲ್ಲಿದ್ದ. ಊರಿಗೆಲ್ಲ ಹಾಸಿಗೆ ಮಾರುವ ಈ ಮನುಷ್ಯ ಸರಿಯಾಗಿ ಮಲಗಿದ್ದನ್ನು ನಾನಂತೂ ನೋಡಲಿಲ್ಲ. ಬೆಳಗ್ಗೆ ಆರಕ್ಕೆ ಇದ್ದ ಒಂದೇ ಕಾರು ತೆಗೆದುಕೊಂಡು ಸುನೋಲ್ ಗುಡ್ಡ ದಾಟಿ ಸ್ಯಾನ್ ಹೋಸೆಗೆ ಹೋದರೆ, ಬರುವ ಹೊತ್ತಿಗೆ ನನ್ನ ಸಾರು ಮೂರು ಸಲ ಬಿಸಿಯಾಗಿರುತ್ತಿತ್ತು. "ಆಫೀಸಲ್ಲಿ ಏನಾಯ್ತು?" ಅಂದರೆ "ಏನಿಲ್ಲ" ಅನ್ನುತ್ತಿದ್ದ. ಸುಳ್ಳಲ್ಲ, ಹೇಳುವಷ್ಟು ಶಕ್ತಿ ಇರುತ್ತಿರಲಿಲ್ಲ ಅವನಲ್ಲಿ.

ನನ್ನದು ಡಿಪೆಂಡೆಂಟ್ ವೀಸಾ. ಕೆಲಸ ಮಾಡುವ ಹಾಗಿಲ್ಲ, ಸಂಬಳ ಮುಟ್ಟುವ ಹಾಗಿಲ್ಲ. ಡ್ರೈವಿಂಗ್ ಬರುವುದಿಲ್ಲ. ಲಿವರ್‌ಮೋರ್‌ನಲ್ಲಿ ಕಾರಿಲ್ಲದವರು ಅಂದರೆ ನಾನು ಮತ್ತು ನಾಯಿಗಳು, ನಾಯಿಗಳಿಗಾದರೂ ಯಾರೋ ಜೊತೆಗಿರುತ್ತಿದ್ದರು. ಅಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲಿ. ಗುಡುಗಿಲ್ಲ, ಮಿಂಚಿಲ್ಲ, ಬೆಳಗ್ಗೆಯಿಂದ ಸಂಜೆವರೆಗೆ ಪಿರಿಪಿರಿ. ಅಪಾರ್ಟ್‌ಮೆಂಟಿನ ಕಿಟಕಿಯಿಂದ ಕಾಣುತ್ತಿದ್ದುದು ನೆನೆದ ಪಾರ್ಕಿಂಗ್ ಲಾಟು, ಅದರಾಚೆ ದಿನಕ್ಕೊಂದಿಷ್ಟು ಹಸಿರಾಗುತ್ತಿದ್ದ ಗುಡ್ಡ. ಹಾಸನದಲ್ಲಿದ್ದಾಗ ನಾನು ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆ, ಹವ್ಯಾಸಿ ತಂಡದ ಜೊತೆ ಊರೂರು ತಿರುಗಿದ್ದೆ. ಇಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ನಿಂತು ಹಳೆಯ ಸಂಭಾಷಣೆಗಳನ್ನು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಮಧ್ಯಾಹ್ನ ಯಾರೋ ಕರೆದ ಹಾಗಾಗಿ "ಬಂದೆ" ಅಂದೆ. ಯಾರೂ ಕರೆದಿರಲಿಲ್ಲ. ಅವತ್ತು ನನಗೆ ನಿಜವಾಗಿ ಭಯವಾಯಿತು.

ಅದರ ಮರುದಿನವೇ ಕೊಡೆ ಹಿಡಿದು ಲೈಬ್ರರಿಗೆ ನಡೆದುಕೊಂಡು ಹೋದೆ. ಅಲ್ಲಿ ನೋಟೀಸು ಹಚ್ಚುವ ಹಲಗೆಯ ಮೇಲೆ ಒಂದು ಚೀಟಿ ಇತ್ತು. ದಪ್ಪ ಪೆನ್ನಿನಲ್ಲಿ, ಸೊಟ್ಟ ಅಕ್ಷರದಲ್ಲಿ, ಇಷ್ಟೇ: ಗಟ್ಟಿಯಾಗಿ ಓದಿ ಹೇಳುವವರು ಬೇಕು. ಕಣ್ಣು ಕೈಕೊಟ್ಟಿದೆ. ಚಹಾ ಸಿಗುತ್ತದೆ. ವಿಳಾಸ ನಮ್ಮ ಅಪಾರ್ಟ್‌ಮೆಂಟಿನಿಂದ ನಾಲ್ಕು ಬೀದಿ ಆಚೆಯದು. ಚಹಾ ತಾನೇ, ಅದನ್ನು ಕುಡಿದರೆ ವೀಸಾದವರು ಕೇಳಲಾರರು ಅಂದುಕೊಂಡು ಹೋದೆ.

ಬಾಗಿಲು ತೆಗೆದವರು ಎತ್ತರದ, ಬಡಕಲು ಹೆಂಗಸು. ಎಪ್ಪತ್ತರ ಮೇಲೆ ವಯಸ್ಸು. ನನ್ನ ಮುಖ ನೋಡದೆ, ಮುಖದ ಪಕ್ಕಕ್ಕೆ ನೋಡಿದರು. ಕಣ್ಣಿನ ನಡುವಿನ ನೋಟ ಹೋಗಿತ್ತು, ಅಂಚಿನಲ್ಲಷ್ಟೇ ಒಂದಿಷ್ಟು ಉಳಿದಿತ್ತು ಎಂದು ಆಮೇಲೆ ತಿಳಿಯಿತು. "ಏನಾದರೂ ಓದು," ಅಂದರು. ಮೇಜಿನ ಮೇಲಿದ್ದ ಕರೆಂಟ್ ಬಿಲ್ಲನ್ನೇ ಓದಿದೆ. ಅವರು ಕೈಕಟ್ಟಿ ನಿಂತು ಕೊನೆತನಕ ಕೇಳಿದರು. "ನೀನು ನಟಿ," ಅಂದರು. ಅಮೆರಿಕಕ್ಕೆ ಬಂದು ಹದಿನಾಲ್ಕು ತಿಂಗಳಲ್ಲಿ ನಾನು ಯಾರು ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅವರಿಗೆ ಕಾಣಲಿಲ್ಲ, ಅಥವಾ ಕಾಣದವರ ಹಾಗೆ ಇದ್ದರು.

ಅವರ ಹೆಸರು ಗ್ರೇಟೆ. ಹಾಗೇ ಕರೆ ಅಂದರು. ನಮ್ಮಜ್ಜಿಯ ವಯಸ್ಸಿನವರನ್ನು ಬರೀ ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಎರಡೇ ದಿನದಲ್ಲಿ ಅವರು ನನ್ನ ಬಾಯಲ್ಲಿ ಗ್ರೇಟಮ್ಮ ಆದರು. ಅದರ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರೂ ಬೇಡ ಅನ್ನಲಿಲ್ಲ.

ದಿನಾ ಹತ್ತು ಗಂಟೆಗೆ ಹೋಗುತ್ತಿದ್ದೆ. ಕಾಗದಪತ್ರ ಓದುವುದು, ಪೇಪರು ಓದುವುದು, ಆಮೇಲೆ ಆಲೂಗಡ್ಡೆ, ಸಬ್ಬಸಿಗೆ, ಕಪ್ಪು ಬ್ರೆಡ್ಡು, ಚಹಾ. ಮಾತು ಕಡಿಮೆ ಅಂದರೆ ಕಡಿಮೆಯೇ. ಆದರೂ ಮಳೆ ಜೋರಾದ ದಿನ ಒಂದೊಂದೇ ಸಂಗತಿ ಹೊರಗೆ ಬರುತ್ತಿತ್ತು, ಅದನ್ನೆಲ್ಲ ನಾನು ಆಮೇಲೆ ಜೋಡಿಸಿಕೊಂಡೆ. ಡೆನ್ಮಾರ್ಕಿನ ಜಟ್ಲೆಂಡ್ ಪ್ರಾಂತ್ಯದ ಪಶ್ಚಿಮ ಕರಾವಳಿಯ ಮೀನುಗಾರರ ಊರಲ್ಲಿ ಹುಟ್ಟಿದವರು. ಅಪ್ಪ ಬಂದರಿನ ಕಚೇರಿಯಲ್ಲಿ ದೋಣಿಗಳ ಲೆಕ್ಕ ಬರೆಯುವವನು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಕಥೆ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಬಂದ ಹೆಂಗಸು ತನ್ನನ್ನೇ ಹೋಲುತ್ತಾಳೆ ಎಂದು ಪಕ್ಕದ ಮನೆಯಾಕೆ ಎರಡು ವರ್ಷ ಮಾತು ಬಿಟ್ಟಳಂತೆ. ಆಮೇಲೆ ಕೋಪನ್‌ಹೇಗನ್ನಿಗೆ ಹೋಗಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಕೆಲಸದ ನಡುವೆಯೇ ಎರಡು ಕಥಾಸಂಕಲನ, ಒಂದು ಕಾದಂಬರಿ, ರೇಡಿಯೋಕ್ಕೆ ಕೆಲವು ನಾಟಕ, ರಂಗಕ್ಕೆ ಮೂರು. "ಜನಕ್ಕೆ ನನ್ನ ಹೆಸರು ಗೊತ್ತಿತ್ತು," ಅಂದರು ಒಂದು ದಿನ, ಬೆಣ್ಣೆ ಹಚ್ಚುತ್ತಾ. "ಎಲ್ಲರಿಗೂ ಅಲ್ಲ. ಪುಸ್ತಕದಂಗಡಿಯಲ್ಲಿ ನಿಂತರೆ ಒಬ್ಬರಾದರೂ ತಿರುಗಿ ನೋಡುತ್ತಿದ್ದರು."

ಅಲ್ಲಿಗೆ ಉಪನ್ಯಾಸ ಕೊಡಲು ಬಂದ ಅಮೆರಿಕದ ವಿಜ್ಞಾನಿಯೊಬ್ಬ ಅವರನ್ನು ಮದುವೆಯಾಗಿ ಲಿವರ್‌ಮೋರ್‌ಗೆ ಕರೆತಂದ. ಇಲ್ಲಿಯ ಅಣ್ವಸ್ತ್ರದ ಸರ್ಕಾರಿ ಲ್ಯಾಬಿನಲ್ಲಿ ಕೆಲಸ. ಏನು ಕೆಲಸ ಎಂದು ಹೆಂಡತಿಗೂ ಹೇಳುವ ಹಾಗಿರಲಿಲ್ಲ. "ಮೂವತ್ತೊಂದು ವರ್ಷ ಈ ಮೇಜಿಗೆ ಕೂತು ಊಟ ಮಾಡಿದೆವು," ಅಂದರು ಗ್ರೇಟಮ್ಮ. "ಒಳ್ಳೆಯವನು. ಹೊಡೆಯಲಿಲ್ಲ, ಬೈಯಲಿಲ್ಲ, ಕುಡಿಯಲಿಲ್ಲ. ಆದರೆ ಆಫೀಸಿನ ಮಾತು ಬಾಗಿಲಾಚೆ ಬಿಟ್ಟು ಬರುವುದನ್ನು ಕಲಿತವನು ನಿಧಾನಕ್ಕೆ ಉಳಿದ ಮಾತನ್ನೂ ಅಲ್ಲೇ ಬಿಟ್ಟು ಬಂದ. ಸತ್ತು ಎರಡು ವರ್ಷವಾಯಿತು, ಅವನು ಜೀವನವಿಡೀ ಏನು ಮಾಡಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ."

ಮದುವೆಯಾದ ಮೂರನೇ ವರ್ಷಕ್ಕೆ, ಇದೇ ಅಡುಗೆಮನೆಯಲ್ಲಿ, ಅವರು ತಮ್ಮ ನಾಲ್ಕನೆಯ ರಂಗನಾಟಕ ಬರೆದರು. 'ಎರಡು ತಟ್ಟೆ' ಎಂದು ಹೆಸರು. ಅರ್ಧ ಗಂಟೆಯ ನಾಟಕ. ಗಂಡ ಹೆಂಡತಿ ಊಟಕ್ಕೆ ಕೂರುತ್ತಾರೆ, ಉಪ್ಪು ಕೊಡು, ನೀರು ಕೊಡು, ಅಷ್ಟೇ ಮಾತು. ಎರಡನೇ ಭಾಗದಲ್ಲಿ ಗಂಡ ಇಲ್ಲ, ಸತ್ತಿದ್ದಾನೆ. ಅವಳು ಎರಡು ತಟ್ಟೆಗೂ ಬಡಿಸಿಕೊಂಡು ಕೂರುತ್ತಾಳೆ. ಮೂರು ನಿಮಿಷ ಒಂದೂ ಮಾತಿಲ್ಲ, ಅಲುಗಾಟವಿಲ್ಲ. ಆಮೇಲೆ ತನ್ನ ತಟ್ಟೆ ಪಕ್ಕಕ್ಕೆ ಸರಿಸಿ, ಅವನ ತಟ್ಟೆ ಎಳೆದುಕೊಂಡು ತಿನ್ನಲು ಶುರು ಮಾಡುತ್ತಾಳೆ. ಪರದೆ.

ಅದನ್ನು ಟಪಾಲಿನಲ್ಲಿ ಕೋಪನ್‌ಹೇಗನ್ನಿಗೆ ಕಳಿಸಿದರು. ದೊಡ್ಡ ರಂಗಮಂದಿರವೊಂದು ಆಡಲು ಒಪ್ಪಿತು. ಗರ್ಭಿಣಿಯಾಗಿದ್ದ ಇವರಿಗೆ ಹೋಗಲಾಗಲಿಲ್ಲ. ಆ ಮಗು ಉಳಿಯಲೂ ಇಲ್ಲ. ಪ್ರದರ್ಶನ ಶುರುವಾದ ಮೇಲೆ ಗೆಳತಿಯೊಬ್ಬಳ ಪತ್ರ ಬಂತು. ನಾಟಕ ಚೆನ್ನಾಗಿದೆ, ಕೊನೆಯ ಮೌನದಲ್ಲಿ ಪಿಟೀಲು ನುಡಿಸಿದ್ದಂತೂ ಬಹಳ ಚೆನ್ನಾಗಿದೆ ಎಂದು. ಗ್ರೇಟಮ್ಮ ಅಂದೇ ಟೆಲಿಗ್ರಾಂ ಕೊಟ್ಟು ನಾಟಕ ವಾಪಸು ಪಡೆದರು. ನಿರ್ದೇಶಕ ಪ್ರಭಾವಿ ಮನುಷ್ಯ, ಅವಮಾನ ಮರೆಯಲಿಲ್ಲ. ಆಮೇಲೆ ಯಾವ ರಂಗಮಂದಿರವೂ ಇವರ ಹೆಸರೆತ್ತಲಿಲ್ಲ. ಕೆಲವು ವರ್ಷ ಕಥೆ ಬರೆದರು, ಆಮೇಲೆ ಅದೂ ನಿಂತಿತು.

"ಯಾಕೆ ನಿಲ್ಲಿಸಿದಿರಿ?" ಅಂದೆ.

"ಇಲ್ಲಿ ಡ್ಯಾನಿಷ್‌ನಲ್ಲಿ ಜಗಳ ಆಡಲು ಯಾರೂ ಇರಲಿಲ್ಲ," ಅಂದರು. "ಜಗಳ ಆಡದ ಭಾಷೆಯಲ್ಲಿ ಎಷ್ಟು ದಿನ ಬರೆಯಬಹುದು?"

ಒಂದು ಪಿಟೀಲಿಗೋಸ್ಕರ ಅಷ್ಟು ಮಾಡಬೇಕಿತ್ತೇ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಕೇಳಿಯೂಬಿಟ್ಟೆ, ನನ್ನ ಬಾಯಿಗೆ ಬೀಗ ಇಲ್ಲ. ಗ್ರೇಟಮ್ಮ ಕತ್ತರಿ ಕೆಳಗಿಟ್ಟರು. "ಆ ಮೂರು ನಿಮಿಷ ನನ್ನದು," ಅಂದರು. "ಉಳಿದ ನಾಟಕ ಯಾರಾದರೂ ಬರೆಯಬಹುದಿತ್ತು." ಕತ್ತರಿ ಮತ್ತೆ ಕೈಗೆತ್ತಿಕೊಂಡು, "ಆ ಮೌನವನ್ನು ನಾನು ಒಮ್ಮೆಯೂ ಕೇಳಲಿಲ್ಲ," ಅಂದರು. ಜೂನ್‌ನಲ್ಲಿ ಮನೆ ಖಾಲಿ ಮಾಡಿ, ಡೆನ್ಮಾರ್ಕಿನಲ್ಲಿ ಅಣ್ಣನ ಮಗಳ ಊರಿನ ವೃದ್ಧಾಶ್ರಮಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಮನೆಗೆ ಬಂದು ಎರಡು ದಿನ ಯೋಚಿಸಿದೆ. ಮೂರನೇ ದಿನ, ಆ ನಾಟಕವನ್ನು ಕನ್ನಡದಲ್ಲಿ ಆಡುತ್ತೇನೆ ಅಂದೆ. ಯುಗಾದಿಗೆ ನಮ್ಮ ಕನ್ನಡದವರು ಸ್ಕೂಲೊಂದರ ಹಾಲ್ ಹಿಡಿದು ಕಾರ್ಯಕ್ರಮ ಮಾಡುತ್ತಾರೆ, ಅಲ್ಲಿ ಅರ್ಧ ಗಂಟೆ ಕೇಳುತ್ತೇನೆ ಅಂದೆ. "ನನಗೆ ಆ ಭಾಷೆ ತಿಳಿಯದೇ ಇರುವುದೇ ಒಳ್ಳೆಯದು," ಅಂದರು ಗ್ರೇಟಮ್ಮ. "ಆ ಮೂರು ನಿಮಿಷ ಮಾತ್ರ ನನಗೆ ತಿಳಿಯುತ್ತದೆ." ಆಮೇಲೆ ನನ್ನ ಮಣಿಕಟ್ಟು ಹಿಡಿದು, ಅಲ್ಲಿ ಏನನ್ನೂ ಸೇರಿಸುವುದಿಲ್ಲ ಎಂದು ಮಾತು ಕೊಡು ಅಂದರು. ಕೊಟ್ಟೆ.

ಕಾರ್ಯಕ್ರಮದ ಉಸ್ತುವಾರಿಯವರಿಗೆ ಫೋನ್ ಮಾಡಿದೆ. "ಡ್ಯಾನಿಷ್ಷಾ? ಅದು ಬೇಕರಿ ಐಟಮ್ ಅಲ್ವೇನ್ರೀ?" ಅಂದರು. ಜನ ವಾರವಿಡೀ ಟೆನ್ಶನ್ನಲ್ಲಿ ಇರ್ತಾರೆ, ಕಾಮಿಡಿ ಮಾಡಿ ಅಂದರು. ಕಾಮಿಡಿಗೆ ಬೇರೆಯವರಿದ್ದಾರಲ್ಲ ಅಂದೆ. ಕಡೆಗೆ ಊಟದ ನಂತರದ ಹೊತ್ತು ಕೊಟ್ಟರು, ಯಾರಿಗೂ ಬೇಡವಾದ ಹೊತ್ತು.

ಫೆಬ್ರವರಿ ಪೂರ್ತಿ ಅನುವಾದ. ಗ್ರೇಟಮ್ಮ ಭೂತಗನ್ನಡಿ ಹಿಡಿದು ಡ್ಯಾನಿಷ್‌ನಲ್ಲಿ ಒಂದು ಸಾಲು ನೋಡಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆದು ಗಟ್ಟಿಯಾಗಿ ಓದುವುದು. ನನ್ನ ಸಾಲು ಉದ್ದವಾದರೆ ಚಮಚದಿಂದ ಮೇಜು ಕುಟ್ಟುತ್ತಿದ್ದರು. ಮೂರೇ ಮಾತಿನದ್ದಕ್ಕೆ ನೀನು ಒಂಬತ್ತು ಮಾತು ಹಾಕಿದ್ದೀಯ, ನಿಮ್ಮೂರಲ್ಲಿ ಗಂಡಂದಿರು ಇಷ್ಟು ಮಾತಾಡುತ್ತಾರಾ ಅನ್ನುತ್ತಿದ್ದರು. ನಮ್ಮೂರಿನ ಗಂಡಂದಿರ ವಿಷಯ ಅವರಿಗೆ ನಾನು ಹೇಳಲು ಹೋಗಲಿಲ್ಲ. ಅರ್ಥ ಗೊತ್ತಿಲ್ಲದಿದ್ದರೂ ಎಲ್ಲಿ ಸಡಿಲ ಎಂದು ಅವರ ಕಿವಿಗೆ ಗೊತ್ತಾಗುತ್ತಿತ್ತು. ಅಷ್ಟು ಸುಖವಾಗಿ ನಾನು ಆ ದೇಶದಲ್ಲಿ ಬೈಸಿಕೊಂಡಿದ್ದೇ ಇಲ್ಲ.

ಮೌನವನ್ನೂ ಅವರೇ ಕಲಿಸಿದರು. ಮೊದಲ ಸಲ ನಾನು ನಿಟ್ಟುಸಿರು ಬಿಟ್ಟೆ, ಸೆರಗು ಸರಿಮಾಡಿದೆ, ಕಣ್ಣೊರೆಸಿಕೊಂಡೆ. "ಏನೂ ಮಾಡಬೇಡ," ಅಂದರು. "ಕಾಯು, ಅಷ್ಟೇ."

"ಯಾರಿಗೆ?"

"ನಿನಗೆ ಗೊತ್ತಿದೆ. ನಿನ್ನ ದನಿ ಕೇಳಿದ ದಿನವೇ ನನಗೆ ತಿಳಿಯಿತು."

ಗಂಡನ ಪಾತ್ರಕ್ಕೆ ಉಡುಪಿಯ ಕಡೆಯ ಪ್ರಕಾಶ ಎಂಬ ಎಂಜಿನಿಯರ್ ಸಿಕ್ಕ. ಹನ್ನೆರಡೇ ಮಾತು ಎಂದು ಖುಷಿಯಾಗಿ ಒಪ್ಪಿಕೊಂಡ. ಇನ್ನು ಬೇಕಿದ್ದುದು ಪ್ರಾಂಪ್ಟರ್, ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವರು. ಅದಕ್ಕೆ ಚೆನ್ನಪ್ಪ ಮೇಷ್ಟ್ರು ಬಂದರು. ಮಂಡ್ಯದ ಹತ್ತಿರದ ಹಳ್ಳಿಯವರು, ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದರು. ಅಳಿಯ ಆಫೀಸಿಗೆ ಹೋಗುವಾಗ ಅವರನ್ನು ಗುಡ್ಡದ ಬದಿಯ ದೇವಸ್ಥಾನದಲ್ಲಿ ಇಳಿಸಿ ಹೋಗುತ್ತಿದ್ದ, ಸಂಜೆ ಮಗಳು ಬಂದು ಕರೆದೊಯ್ಯುತ್ತಿದ್ದಳು. ನಾನು ಶುಕ್ರವಾರ ಹೂ ಕಟ್ಟಲು ಹೋಗುತ್ತಿದ್ದಾಗ ಪರಿಚಯ. ಸ್ಕೂಲ್ ಮೇಷ್ಟ್ರು ಆಗಿದ್ದರೂ ಊರಲ್ಲಿ ಅವರಿಗೆ ಹೆಸರು ಬಂದದ್ದು ಡ್ರಾಮಾ ಮೇಷ್ಟ್ರು ಎಂದು. ನಲವತ್ತು ವರ್ಷ ಪೌರಾಣಿಕ ನಾಟಕ ಕಲಿಸಿದವರು. ಹೊಲದಿಂದ ಬಂದು ಗದೆ ಹಿಡಿದ ಭೀಮನಿಗೆ ಮಾತು ಮರೆತರೆ ಹಾರ್ಮೋನಿಯಂ ಮುಂದೆ ಕೂತಲ್ಲಿಂದಲೇ ಎತ್ತಿಕೊಟ್ಟು ಮಾನ ಕಾಯ್ದವರು.

"ಕೊನೇಲಿ ಮೂರು ನಿಮಿಷ ಮಾತೇ ಇಲ್ಲ ಮೇಷ್ಟ್ರೇ. ನೀವೂ ಏನೂ ಹೇಳ್ಬಾರ್ದು," ಅಂದೆ ನಾನು.

"ಮೂರು ನಿಮ್ಸವಾ?" ಅಂದರು. "ನಮ್ಮ ಕಡೆ ಸ್ಟೇಜ್ ಮ್ಯಾಲೆ ಮೂರು ಉಸ್ರು ಸುಮ್ಕಿದ್ರೆ ಜನ ಸಿಳ್ಳೆ ಹೊಡ್ದು ಚಪ್ರಾನೇ ಕಿತ್ತಾಕ್ಬುಡ್ತಾರೆ ಕಣವ್ವ. ಆಗ್ಲಿ, ನಿಮ್ಮ ನಾಟ್ಕ ನಿಮ್ಮಿಷ್ಟ." ಪುಸ್ತಕದ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ 'ಮೌನ' ಎಂದು ಬರೆದು ಎರಡು ಗೆರೆ ಎಳೆದುಕೊಂಡರು. ಪ್ರತಿ ಅಭ್ಯಾಸದಲ್ಲೂ ಆ ಪುಟ ಬಂದಾಗ ಬಾಯಿಗೆ ಟವೆಲ್ ಒತ್ತಿಕೊಂಡು ಕೂರುತ್ತಿದ್ದರು.

ಯುಗಾದಿ ಕಾರ್ಯಕ್ರಮದ ಹೊತ್ತಿಗೆ ಮಳೆ ನಿಂತು ಗುಡ್ಡಗಳು ಹಸಿರಾಗಿದ್ದವು. ರಘುವಿನ ಕಂಪನಿಯ ಷೇರು ಬಿದ್ದಿತ್ತು, ಅವನು ಇನ್ನಷ್ಟು ಮೌನವಾಗಿದ್ದ. ಆದರೂ ಅವನೇ ಕಾರಿನಲ್ಲಿ ಗ್ರೇಟಮ್ಮನನ್ನು ಕರೆದುಕೊಂಡು ಬಂದು ಮೊದಲ ಸಾಲಿನಲ್ಲಿ ಕೂರಿಸಿ ತಾನೂ ಪಕ್ಕ ಕೂತ. ಅವರು ಬೂದು ಬಣ್ಣದ ಒಳ್ಳೆಯ ಕೋಟು ಹಾಕಿ, ಕುತ್ತಿಗೆಗೆ ಬೆಳ್ಳಿಯ ಪದಕ ಹಾಕಿಕೊಂಡಿದ್ದರು. ಮೂವತ್ತು ವರ್ಷ ಕಾದ ನಾಟಕಕ್ಕೆ ಬಂದ ಲೇಖಕಿ ಅವರು. ಹಾಲಿನಲ್ಲಿ ಹೋಳಿಗೆ ತಿಂದು ತೂಕಡಿಸುತ್ತಿದ್ದ ಮುನ್ನೂರು ಜನರಲ್ಲಿ ಇದು ತಿಳಿದಿದ್ದುದು ನಮ್ಮಿಬ್ಬರಿಗೆ ಮಾತ್ರ.

ಮೊದಲ ಭಾಗ ಸರಿಯಾಗಿಯೇ ಹೋಯಿತು. ಉಪ್ಪು ಕೊಡು, ನೀರು ಕೊಡು ಅಂದಾಗ ಜನ ನಕ್ಕರು, ನಗಲಿ ಅಂದುಕೊಂಡೆ. ಎರಡನೇ ಭಾಗಕ್ಕೆ ಪಾಕಶಾಲೆಯಿಂದ ಬಿಸಿ ಅನ್ನ ಸಾರು ತಂದು ಎರಡು ಸ್ಟೀಲ್ ತಟ್ಟೆಗೆ ಬಡಿಸಿಕೊಂಡು ಕೂತೆ. ಆವಿ ಏಳುತ್ತಿತ್ತು. ಎದುರಿಗೆ ಖಾಲಿ ಕುರ್ಚಿ. ಕಾಯಲು ಶುರು ಮಾಡಿದೆ.

ಮೊದಲ ನಿಮಿಷ ಜನ ಸುಮ್ಮನಿದ್ದರು. ಆಮೇಲೆ ಕುರ್ಚಿಗಳು ಕಿರುಗುಟ್ಟಿದವು. ಒಂದು ಮಗು "ಈಸ್ ಇಟ್ ಓವರ್?" ಎಂದು ಕೇಳಿತು. ಹಿಂದೆ ಯಾರೋ ನಾಟಕ ಮುಗಿಯಿತೆಂದು ಚಪ್ಪಾಳೆ ತಟ್ಟಿ, ಇಲ್ಲವೆಂದು ತಿಳಿದು ನಿಲ್ಲಿಸಿದರು. ನನಗೆ ಅದು ಯಾವುದೂ ತಾಗಲಿಲ್ಲ. ನನ್ನ ಮನೆಯಲ್ಲಿ ಕೂತ ಹಾಗೆ ಕೂತಿದ್ದೆ. ಹದಿನಾರು ತಿಂಗಳು ಅಭ್ಯಾಸ ಮಾಡಿದ ಪಾತ್ರ ಅದು. ಎರಡನೇ ನಿಮಿಷ ದಾಟಿತು. ನಿಧಾನಕ್ಕೆ ಹಾಲ್ ನಿಶ್ಶಬ್ದವಾಯಿತು, ನಿಜವಾಗಿ ನಿಶ್ಶಬ್ದವಾಯಿತು, ಆ ನಿಶ್ಶಬ್ದ ಗ್ರೇಟಮ್ಮನ ಕಿವಿಗೂ ಕೇಳುತ್ತಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ಆಗ ಪಕ್ಕದ ಪರದೆಯ ಮರೆಯಿಂದ ದನಿ ಬಂತು. ಮೆಲ್ಲಗೆ, ಆದರೆ ನಲವತ್ತು ವರ್ಷ ಬಯಲಿನಲ್ಲಿ ಪಳಗಿದ ದನಿ ಅದು, ಕೊನೆಯ ಸಾಲಿಗೂ ಮುಟ್ಟಿತು.

"ಉಣ್ಣವ್ವಾ. ಆರೋಯ್ತದೆ."

ನನ್ನ ಕೈ ತಾನಾಗಿ ಎದುರಿನ ಗಂಡನ ತಟ್ಟೆಗೆ ಹೋಯಿತು. ಅನ್ನ ಬಾಯಿಗಿಟ್ಟುಕೊಂಡೆ. ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ, ನಾಟಕದಲ್ಲಿ ಅಳುವ ಹಾಗಿರಲಿಲ್ಲ. ಪರದೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಗ್ರೇಟಮ್ಮ ಎದ್ದು ನಿಲ್ಲಲಿಲ್ಲ.

ಕಾರಿನಲ್ಲಿ ಅವರು ಮುಂದೆ, ನಾನು ಹಿಂದೆ. ರಘು ಅವರ ಮನೆ ಮುಂದೆ ಕಾರು ನಿಲ್ಲಿಸಿದ. ಬಾಗಿಲ ಹತ್ತಿರ ಅವರು, "ಒಬ್ಬ ಗಂಡಸು ಮಾತಾಡಿದ," ಅಂದರು.

"ಪ್ರಾಂಪ್ಟರ್. ತಪ್ಪಾಯಿತು. ಅವರು…"

"ನೀನು ಮಾತು ಕೊಟ್ಟಿದ್ದೆ," ಎಂದು ಒಳಗೆ ಹೋದರು. ಅವನು ಏನು ಹೇಳಿದ ಎಂದು ಕೇಳಲಿಲ್ಲ. ಅವರಿಗೆ ಪಿಟೀಲಾದರೇನು, ಮನುಷ್ಯನಾದರೇನು. ಮೂವತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಅದೇ ಪೆಟ್ಟು.

ಮರುದಿನ ಹತ್ತಕ್ಕೆ ಹೋದೆ, ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಒಳಗೆ ಕುರ್ಚಿ ಸರಿದ ಸದ್ದು ಕೇಳಿಸುತ್ತಿತ್ತು. ಹತ್ತು ದಿನ ಹಾಗೇ ಹೋಗಿ ಹಾಗೇ ಬಂದೆ. ಹೊರಗೆ ಬಿಸಿಲು ಚೆನ್ನಾಗಿತ್ತು, ಗುಡ್ಡದ ಮೇಲೆ ಹಳದಿ ಹೂ. ಆ ಹತ್ತು ದಿನ ಜನವರಿಯ ಮಳೆಗಿಂತ ಕೆಟ್ಟದಾಗಿತ್ತು. ಮೊದಲು ಯಾರೂ ಇರಲಿಲ್ಲ, ಅದಕ್ಕೆ ಹೇಗೋ ಹೊಂದಿಕೊಂಡಿದ್ದೆ. ಈಗ ಒಬ್ಬರು ನಾಲ್ಕು ಬೀದಿ ಆಚೆ ಇದ್ದರು, ಅವರಿಗೆ ನಾನು ಬೇಡವಾಗಿದ್ದೆ. ನೂರು ಜನ ಫೋನ್ ಮಾಡಿ ನಾಟಕ ಚೆನ್ನಾಗಿತ್ತು ಅಂದರು. ಆ ಲಾಸ್ಟ್ ಡೈಲಾಗ್ ಅಂತೂ ಸೂಪರ್ ಅಂದರು. ರಿಸೀವರ್ ಇಟ್ಟು ಬಟ್ಟೆಯ ಮೆಷಿನ್ ಮುಂದೆ ಹೋಗಿ ಕೂರುತ್ತಿದ್ದೆ.

ಶುಕ್ರವಾರ ದೇವಸ್ಥಾನದಲ್ಲಿ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರಿಗೆ ಇದೇನೂ ಗೊತ್ತಿರಲಿಲ್ಲ. ಹೊಗಳಿಸಿಕೊಂಡು ಖುಷಿಯಾಗಿದ್ದವರ ಮುಖ ಸಣ್ಣದಾಯಿತು. ತುಂಬ ಹೊತ್ತು ಹೂವಿನ ದಾರ ಬೆರಳಿಗೆ ಸುತ್ತುತ್ತಾ ಕೂತು, "ನಡೀರವ್ವ, ಹೋಗಿ ಕೇಳ್ಕಂಬರಾನ," ಅಂದರು. ಆ ಗುಡ್ಡದಿಂದ ಗ್ರೇಟಮ್ಮನ ಮನೆಗೆ ಒಂದು ಗಂಟೆಯ ದಾರಿ. ಪಂಚೆ, ಸ್ವೆಟರ್, ಅಳಿಯನ ಬೂಟು ಹಾಕಿಕೊಂಡ ಮೇಷ್ಟ್ರು ನನ್ನ ಮುಂದೆ ಮುಂದೆ ನಡೆದರು. ಕಾರುಗಳಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು.

ಬಾಗಿಲು ಬಡಿದದ್ದು ನಾನಲ್ಲ, ಮೇಷ್ಟ್ರು. ಆ ಬಡಿತ ಹೊಸದಾದ್ದರಿಂದಲೋ ಏನೋ ಬಾಗಿಲು ತೆರೆಯಿತು. ಗ್ರೇಟಮ್ಮ ಮುಖದ ಪಕ್ಕಕ್ಕೆ ನೋಡಿ ಯಾರು ಅಂದರು. ನಾನು ಹೇಳುವ ಮೊದಲೇ ಮೇಷ್ಟ್ರು ಕೈಮುಗಿದು ಶುರು ಮಾಡಿದರು. ದನಿ ಕೇಳಿದ ಕೂಡಲೆ ಗ್ರೇಟಮ್ಮನ ಮುಖ ಬಿಗಿಯಿತು. ಗುರುತು ಸಿಕ್ಕಿತ್ತು.

"ತಪ್ಪಾಯ್ತು ಕಣವ್ವ," ಅಂದರು ಮೇಷ್ಟ್ರು. "ಬಾಯಿಗೆ ಟವಲ್ ಒತ್ಕಂಡೇ ಇದ್ದೆ. ಆದ್ರೆ ಅನ್ನದ ಆವಿ ಹೋಯ್ತಾ ಇತ್ತು. ನಾಟ್ಕ ಅನ್ನೋದು ಮರ್ತೋಯ್ತು. ಹೆಣ್ಮಗ್ಳು ಒಬ್ಳು ತಟ್ಟೆ ಮುಂದ್ಕಿಟ್ಕಂಡು ಕುಂತವ್ಳೆ, ಉಣ್ಣು ಅನ್ನೋರು ಒಬ್ರೂ ಇಲ್ಲ, ಅಷ್ಟೇ ಕಾಣ್ತು ನಂಗೆ."

ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಮಾತೂ ಸೇರಿಸಲಿಲ್ಲ, ಬಿಡಲೂ ಇಲ್ಲ.

ಗ್ರೇಟಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಅವತ್ತು ಅವನು ಹೇಳಿದ್ದು ಅದಾ?" ಅಂದರು.

"ಊಟ ಮಾಡು, ತಣ್ಣಗಾಗುತ್ತೆ ಅಂದರು."

ಒಳಗೆ ಬನ್ನಿ ಅನ್ನದೆ ಅವರು ತಿರುಗಿ ಅಡುಗೆಮನೆಗೆ ಹೋಗಿ ಮೇಜಿನ ಮುಂದಿನ ತಮ್ಮ ಕುರ್ಚಿಯಲ್ಲಿ ಕೂತರು. ನಾವೂ ಹಿಂದೆ ಹೋಗಿ ನಿಂತೆವು. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಅರ್ಧ ತಿಂದು ಬಿಟ್ಟ ಬ್ರೆಡ್ಡು ಇತ್ತು. ಮೇಷ್ಟ್ರು ಏನು ಮಾಡಬೇಕೆಂದು ತಿಳಿಯದೆ ಬೂಟು ಬಿಚ್ಚಿ ಬಾಗಿಲ ಬಳಿ ಇಟ್ಟು ಬಂದರು.

ನನಗೆ ಆಸೆ ಇತ್ತು, ಮುಚ್ಚಿಡುವುದೇಕೆ. ಗ್ರೇಟಮ್ಮ ನಾಟಕದ ಪುಸ್ತಕ ತೆಗೆದು, ಬರೆದುಕೋ, ಆ ಸಾಲನ್ನು ಅಲ್ಲಿ ಸೇರಿಸು ಅಂದುಬಿಡುತ್ತಾರೆ ಎಂದು. ಚೀಲದಲ್ಲಿ ಪೆನ್ನು ಹುಡುಕಲು ಕೈ ಹಾಕಿದ್ದೆ ಕೂಡ.

"ಅದು ನಾಟಕಕ್ಕೆ ಸಲ್ಲುವುದಿಲ್ಲ," ಅಂದರು ಗ್ರೇಟಮ್ಮ. "ಅವಳಿಗೆ ಯಾರೂ ಹಾಗೆ ಹೇಳಲಿಲ್ಲ. ನಾಟಕ ಇರುವುದೇ ಅದರಲ್ಲಿ. ಎಲ್ಲೂ ಬರೆಯಬೇಡ. ಅವನಿಗೆ ಹೇಳು, ಅವನು ಮಾಡಿದ್ದು ತಪ್ಪು."

ಮೇಷ್ಟ್ರಿಗೆ ಹೇಳಿದೆ. ಅವರು ತಲೆ ತಗ್ಗಿಸಿ, ಹೌದು ಎಂಬಂತೆ ಆಡಿಸಿದರು. ನಾನು ಚೀಲದಿಂದ ಕೈ ತೆಗೆದೆ. ಹೊರಡೋಣ ಎಂದು ಮೇಷ್ಟ್ರ ಕಡೆ ನೋಡಿದೆ.

ಗ್ರೇಟಮ್ಮ ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಎದುರಿನ ಖಾಲಿ ಕುರ್ಚಿಯ ಕಡೆ ಮುಖ, ಕಣ್ಣು ಅದರ ಪಕ್ಕಕ್ಕೆ. ಎಷ್ಟೋ ಹೊತ್ತಿನ ಮೇಲೆ, "ಆ ಮಾತು ಇನ್ನೊಂದು ಸಲ ಹೇಳು ಅನ್ನು ಅವನಿಗೆ," ಅಂದರು.

ಮೇಷ್ಟ್ರು ಹೇಳಿದರು. ನಾನು ಅನುವಾದ ಮಾಡಲಿಲ್ಲ. ಗ್ರೇಟಮ್ಮ ಬ್ರೆಡ್ಡನ್ನು ಕೈಗೆತ್ತಿಕೊಂಡು, ಕೊನೆಯ ಚೂರು ಮುಗಿಯುವ ತನಕ ನಿಧಾನವಾಗಿ ತಿಂದರು.